ಕೊಂಡವರ ಮನೆಯಲ್ಲಿ ಮಾರಿದವರ ಹಿಡಿತ

(ಅಂತರ್ಜಾಲಕ್ಕೆ ಜೋಡಿಸಿದ ಗೃಹೋಪಕರಣಗಳ ಒಡೆತನ ಮತ್ತು ಖಾಸಗಿತನ ಕುರಿತು ಗ್ರಾಹಕರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ರಿವಾಲ್ವ್ ಎಂಬ ಹೆಸರಿನ ಪೆಟ್ಟಿಗೆಯೊಂದು 2016ರ ಮೇ 15ರಂದು ಅಮೆರಿಕದ ಮನೆಗಳಲ್ಲಿ ಕೆಲಸ ನಿಲ್ಲಿಸಿತು. ಅದರೊಳಗಿನ ಯಾವ ಭಾಗವೂ ಕೆಟ್ಟಿರಲಿಲ್ಲ. ವಿದ್ಯುತ್ ಇತ್ತು, ಇಂಟರ್‌ನೆಟ್ ಇತ್ತು, ಕೊಂಡವರು ಪೂರ್ತಿ ಬೆಲೆಯನ್ನು ತೆತ್ತಿದ್ದರು. ಬೇರೆ ಬೇರೆ ಕಂಪನಿಗಳ ದೀಪ, ಬೀಗ, ಸಂವೇದಕಗಳನ್ನು ಒಂದೇ ಆ್ಯಪ್‌ನಿಂದ ನಡೆಸಲು ನೆರವಾಗುತ್ತಿದ್ದ ಆ ಪೆಟ್ಟಿಗೆಯನ್ನು ಸುಮಾರು 300 ಡಾಲರ್‌ಗೆ, ಅದೂ ‘ಜೀವಮಾನದ ಚಂದಾ ಸೇರಿದೆ’ ಎಂಬ ಭರವಸೆಯೊಡನೆ ಮಾರಲಾಗಿತ್ತು. 2014ರಲ್ಲಿ ಗೂಗಲ್ ಬಳಗದ ನೆಸ್ಟ್ ಕಂಪನಿ ರಿವಾಲ್ವ್ ಅನ್ನು ಕೊಂಡುಕೊಂಡಿತು, ಹೊಸ ಮಾರಾಟ ನಿಲ್ಲಿಸಿತು, ಕೆಲಕಾಲದ ನಂತರ ಅದನ್ನು ದೂರದಿಂದ ನಡೆಸುತ್ತಿದ್ದ ಕಂಪ್ಯೂಟರ್‌ಗಳನ್ನೇ, ಎಂದರೆ ಸರ್ವರ್‌ಗಳನ್ನೇ, ಮುಚ್ಚಿತು. ಅಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ವಿಚಾರಣೆ ನಡೆಸಿ, ಮಾರಾಟವಾದ ಪೆಟ್ಟಿಗೆಗಳ ಸಂಖ್ಯೆ ಕಡಿಮೆಯೆಂದೂ ಕಂಪನಿಯು ಹಣ ಹಿಂದಿರುಗಿಸಲು ಒಪ್ಪಿದೆಯೆಂದೂ ಹೇಳಿ ಮುಂದಿನ ಕ್ರಮವನ್ನು ಕೈಬಿಟ್ಟಿತು.

ಇದರ ಪಕ್ಕದಲ್ಲಿ ಇನ್ನೆರಡು ಪ್ರಕರಣಗಳನ್ನು ಇಡುತ್ತೇನೆ. ನೆಸ್ಟ್‌ನ ಮೊದಲ ಎರಡು ತಲೆಮಾರಿನ ಥರ್ಮೋಸ್ಟಾಟ್‌ಗಳಿಗೆ, ಎಂದರೆ ಮನೆಯ ಉಷ್ಣತೆಯನ್ನು ಹಿಡಿತದಲ್ಲಿಡುವ ಗೋಡೆಯ ಸಾಧನಗಳಿಗೆ, 2025ರ ಅಕ್ಟೋಬರ್ 25ರಂದು ಕಂಪನಿಯ ಬೆಂಬಲ ಕೊನೆಗೊಂಡಿತು. ಫೋನಿನಿಂದ ಅವುಗಳನ್ನು ನಡೆಸಲು ಬರದಂತಾಯಿತು, ಆದರೆ ಗೋಡೆಯ ಬಳಿ ಹೋಗಿ ಕೈಯಿಂದ ತಿರುಗಿಸಿದರೆ ಅವು ಮೊದಲಿನಂತೆಯೇ ಕೆಲಸ ಮಾಡುತ್ತವೆ. ಬೆಲ್ಕಿನ್ ಕಂಪನಿ ತನ್ನ ವೀಮೊ ಬಳಗದ ಬಹುತೇಕ ಸ್ಮಾರ್ಟ್ ಪ್ಲಗ್ ಮತ್ತು ಸ್ವಿಚ್‌ಗಳ ಕ್ಲೌಡ್ ಸೇವೆಯನ್ನು 2026ರ ಜನವರಿ 31ಕ್ಕೆ ನಿಲ್ಲಿಸುವುದಾಗಿ ಘೋಷಿಸಿದಾಗ, ಮನೆಯ ಸಾಧನಗಳನ್ನು ನಡೆಸುವ ಆ್ಯಪಲ್‌ನ ಹೋಮ್‌ಕಿಟ್ ವ್ಯವಸ್ಥೆಯ ಮೂಲಕ ಮನೆಯೊಳಗಿನ ಜಾಲದಲ್ಲೇ ಜೋಡಿಸಿಕೊಂಡ ಸಾಧನಗಳು ಆಮೇಲೂ ನಡೆಯುತ್ತವೆ ಎಂದು ತಿಳಿಸಿತು. ಸೇವೆ ನಿಲ್ಲುವುದೆಂಬ ಒಂದೇ ಘಟನೆ ಮೂರು ಕಡೆ ಮೂರು ಬಗೆಯ ಫಲ ಕೊಟ್ಟಿತು: ಒಂದು ಕಡೆ ವಸ್ತುವೇ ಸತ್ತಿತು, ಇನ್ನೊಂದು ಕಡೆ ದೂರದಿಂದ ನಡೆಸುವ ಸೌಲಭ್ಯ ಮಾತ್ರ ಹೋಯಿತು, ಮತ್ತೊಂದು ಕಡೆ ಮುಂಚೆಯೇ ಸ್ಥಳೀಯವಾಗಿ ಜೋಡಿಸಿಕೊಂಡವರು ಬಚಾವಾದರು. ಈ ವ್ಯತ್ಯಾಸಕ್ಕೆ ಕಾರಣ ವಿನ್ಯಾಸ. ವಸ್ತುವಿನ ಮೂಲ ಕೆಲಸವನ್ನು ಮನೆಯೊಳಗೇ ಮುಗಿಸಬೇಕೇ ಅಥವಾ ಪ್ರತಿ ಬಾರಿಯೂ ಕಂಪನಿಯ ಸರ್ವರ್ ಮೂಲಕ ಹಾಯಿಸಬೇಕೇ ಎಂಬುದನ್ನು ವಿನ್ಯಾಸದ ಹಂತದಲ್ಲೇ ಯಾರೋ ನಿರ್ಧರಿಸಿರುತ್ತಾರೆ. ಆ ನಿರ್ಧಾರದಲ್ಲಿ ಕೊಳ್ಳುವವನ ಪಾಲೇನೂ ಇಲ್ಲ.

ನನ್ನ ವಾದ ಇಷ್ಟೇ. ಒಡೆತನದ ಪ್ರಶ್ನೆ ಮತ್ತು ಖಾಸಗಿತನದ ಪ್ರಶ್ನೆ ಎಂದು ನಾವು ಬೇರೆ ಬೇರೆಯಾಗಿ ಚರ್ಚಿಸುತ್ತಿರುವುದು ವಾಸ್ತವವಾಗಿ ಒಂದೇ ಪ್ರಶ್ನೆ. ನಿಮ್ಮ ಮನೆಯ ದೀಪವನ್ನು ದೂರದಿಂದ ಆರಿಸಬಲ್ಲ ಸಂಪರ್ಕ ಮತ್ತು ಆ ದೀಪ ಯಾವಾಗ ಉರಿಯಿತೆಂದು ದೂರದಲ್ಲಿ ಬರೆದಿಡುವ ಸಂಪರ್ಕ ಎರಡಲ್ಲ. ಆದ್ದರಿಂದ, ಮಾರಿದ ವಸ್ತು ತನ್ನ ಮೂಲ ಕೆಲಸವನ್ನು ಮಾರಿದವರ ಸರ್ವರ್‌ನ ಹಂಗಿಲ್ಲದೆ ಮಾಡುವಂತಿರಬೇಕು ಎಂಬ ಒಂದೇ ನಿಯಮವನ್ನು ಗಟ್ಟಿಯಾಗಿ ಹಿಡಿದರೆ ಎರಡೂ ಸಮಸ್ಯೆಗಳ ದೊಡ್ಡ ಪಾಲು ಕರಗುತ್ತದೆ.

ತಾಂತ್ರಿಕ ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳುವುದು ಒಳ್ಳೆಯದು. ಹಾಲ್‌ನಲ್ಲಿ ಕುಳಿತು ಫೋನಿನಿಂದ ಅದೇ ಹಾಲ್‌ನ ಬಲ್ಬನ್ನು ಹೊತ್ತಿಸುತ್ತೀರಿ ಎಂದುಕೊಳ್ಳಿ. ಅಗ್ಗದ ಬಹುಪಾಲು ಸಾಧನಗಳಲ್ಲಿ ನಿಮ್ಮ ಆಜ್ಞೆ ಫೋನಿನಿಂದ ರೂಟರ್‌ಗೆ, ಅಲ್ಲಿಂದ ಬೇರೆ ಊರಿನ, ಎಷ್ಟೋ ಸಲ ಬೇರೆ ದೇಶದ ಸರ್ವರ್‌ಗೆ ಹೋಗಿ, ಖಾತೆ ನಿಮ್ಮದೇ ಎಂದು ಖಾತ್ರಿಯಾಗಿ, ಮತ್ತೆ ಅದೇ ರೂಟರ್ ಮೂಲಕ ಹತ್ತು ಅಡಿ ದೂರದ ಬಲ್ಬಿಗೆ ಬರುತ್ತದೆ. ರಸ್ತೆ ಅಗೆಯುವವರು ಫೈಬರ್ ಕತ್ತರಿಸಿದ ದಿನ ಆ್ಯಪ್ ಸುಮ್ಮನೆ ಸುತ್ತುತ್ತಾ ಕೂರುವುದು ಇದಕ್ಕೇ. ಹೀಗೆ ಕಟ್ಟಿದ್ದಕ್ಕೆ ಒಂದು ಪ್ರಾಮಾಣಿಕ ಕಾರಣವೂ ಇದೆ ಎನ್ನುವುದನ್ನು ಮುಚ್ಚಿಡಬಾರದು. ಮನೆಯ ರೂಟರ್ ಹಿಂದಿರುವ ಸಾಧನವನ್ನು ಹೊರಗಿನಿಂದ ನೇರವಾಗಿ ತಲುಪುವುದು ಸುಲಭವಲ್ಲ, ಆದ್ದರಿಂದ ಕಚೇರಿಯಿಂದಲೇ ಮನೆಯ ಗೀಸರ್ ಹಾಕಬೇಕೆನ್ನುವವರಿಗೆ ನಡುವೆ ಒಬ್ಬ ಮಧ್ಯವರ್ತಿ ಬೇಕು. ಆದರೆ ಹೊರಗಿನಿಂದ ನಡೆಸುವುದಕ್ಕೆ ಬೇಕಾದ ಮಧ್ಯವರ್ತಿಯನ್ನು ಒಳಗಿನಿಂದ ನಡೆಸುವಾಗಲೂ ಕಡ್ಡಾಯ ಮಾಡಿದ್ದು ತಂತ್ರಜ್ಞಾನದ ಒತ್ತಡದಿಂದಲ್ಲ. ಒಂದೇ ದಾರಿ ಕಟ್ಟಿದರೆ ಖರ್ಚು ಕಡಿಮೆ, ಮತ್ತು ಎಲ್ಲ ಬಳಕೆಯ ದಾಖಲೆ ಒಂದೇ ಕಡೆ ಸಿಗುತ್ತದೆ.

ಈಗ ಕಾನೂನಿಗೆ ಬರೋಣ. ಇದಕ್ಕೆಲ್ಲ ಹೊಸ ಕಾಯ್ದೆಯೇ ಬೇಕು ಎಂಬ ಮಾತು ಪದೇ ಪದೇ ಕೇಳಿಬರುತ್ತದೆ. ನನಗೆ ಹಾಗನ್ನಿಸುವುದಿಲ್ಲ, ಕನಿಷ್ಠಪಕ್ಷ ಹಳೆಯದನ್ನು ಮೊದಲು ತೆರೆದು ನೋಡಬೇಕು. 1930ರ ಸರಕು ಮಾರಾಟ ಕಾಯ್ದೆಯ 14ನೇ ಕಲಮು ಪ್ರತಿಯೊಂದು ಮಾರಾಟದಲ್ಲೂ, ಯಾರೂ ಬಾಯಿಬಿಟ್ಟು ಹೇಳದಿದ್ದರೂ, ಕೆಲವು ಭರವಸೆಗಳು ಅಡಗಿವೆ ಎಂದು ವಿಧಿಸುತ್ತದೆ. ಮಾರುವವನಿಗೆ ಮಾರುವ ಹಕ್ಕಿದೆ ಎಂಬುದು ಒಂದು. ಕೊಂಡವನು ಸರಕನ್ನು ಯಾವ ಅಡ್ಡಿಯೂ ಇಲ್ಲದೆ ತನ್ನ ಸ್ವಾಧೀನದಲ್ಲಿಟ್ಟುಕೊಂಡು ಅನುಭವಿಸುತ್ತಾನೆ ಎಂಬುದು ಎರಡನೆಯದು. ಸರಕಿನ ಮೇಲೆ ಕೊಂಡವನಿಗೆ ತಿಳಿಸದ ಋಣಭಾರವಿಲ್ಲ ಎಂಬುದು ಮೂರನೆಯದು. ಇವುಗಳಲ್ಲಿ ಎರಡನೆಯ ಭರವಸೆ, ಎಂದರೆ ನಿರಾತಂಕ ಸ್ವಾಧೀನದ ಭರವಸೆ, ಇಂದಿನ ನಮ್ಮ ವಿಷಯಕ್ಕೆ ಹೇಳಿ ಮಾಡಿಸಿದಂತಿದೆ. ಮನೆ ಮಾರಿ, ರಿಜಿಸ್ಟ್ರೇಶನ್ ಮುಗಿಸಿ, ಒಂದು ಬೀಗದ ಕೈಯನ್ನು ತನ್ನ ಬಳಿಯೇ ಇಟ್ಟುಕೊಂಡು ಬೇಕಾದಾಗ ಬಂದು ಬಾಗಿಲು ಹಾಕಿ ಹೋಗುವವನನ್ನು ನಾವು ಮಾರಾಟಗಾರನೆಂದು ಕರೆಯಲಾರೆವು.

ಇದು ನನ್ನ ಕಲ್ಪನೆಯ ವ್ಯಾಖ್ಯಾನವಲ್ಲ. ನಮ್ಮ 1930ರ ಕಾಯ್ದೆಗೆ ಮಾದರಿಯಾದದ್ದು ಇಂಗ್ಲೆಂಡಿನ 1893ರ ಕಾಯ್ದೆ, ಮತ್ತು ಇದೇ ಭರವಸೆ ಅಲ್ಲಿ ಇಂದಿಗೂ ಉಳಿದಿದೆ. ಸುಮಾರು 25 ವರ್ಷಗಳ ಹಿಂದೆ ಅಲ್ಲಿನ ಮೇಲ್ಮನವಿ ನ್ಯಾಯಾಲಯದ ಮುಂದೆ ರೂಬಿಕಾನ್ ಕಂಪ್ಯೂಟರ್ ಸಿಸ್ಟಮ್ಸ್ ಮತ್ತು ಯುನೈಟೆಡ್ ಪೇಂಟ್ಸ್ ನಡುವಿನ ವ್ಯಾಜ್ಯ ಬಂದಿತ್ತು. ಕಂಪ್ಯೂಟರ್ ವ್ಯವಸ್ಥೆಯನ್ನು ಮಾರಿದ ಕಂಪನಿ, ಹಣದ ತಕರಾರು ಎದ್ದಾಗ, ನಿರ್ದಿಷ್ಟ ಹೊತ್ತಿಗೆ ಇಡೀ ವ್ಯವಸ್ಥೆ ತಾನೇ ಸ್ತಬ್ಧವಾಗುವಂತಹ ಕಾಲಬೀಗವನ್ನು ಅದರೊಳಗೆ ಸೇರಿಸಿತ್ತು. ನಿರಾತಂಕ ಸ್ವಾಧೀನದ ಭರವಸೆಯನ್ನು ಅದು ಮುರಿದಿದೆ ಎಂದು ನ್ಯಾಯಾಲಯ ತೀರ್ಮಾನಿಸಿತು. ಇಂಗ್ಲಿಷ್ ತೀರ್ಪುಗಳು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ, ಆದರೆ ಒಂದೇ ಮೂಲದ ಕಲಮನ್ನು ಓದುವಾಗ ಅವುಗಳಿಗೆ ತೂಕವಿದೆ. ಅಂದು ಒಬ್ಬ ಗ್ರಾಹಕನ ಯಂತ್ರಕ್ಕೆ ಗುಟ್ಟಾಗಿ ಸೇರಿಸಿದ ಬೀಗವನ್ನು ಇಂದು ಕಾರ್ಖಾನೆಯಲ್ಲೇ, ಎಲ್ಲರ ಯಂತ್ರಕ್ಕೂ ಸೇರಿಸಿ ಕಳಿಸುತ್ತಿದ್ದಾರೆ.

ಕಂಪನಿಗಳ ವಕೀಲರು ಸುಮ್ಮನಿರುವುದಿಲ್ಲ. ಅದೇ ಕಾಯ್ದೆಯ 62ನೇ ಕಲಮು, ಇಂತಹ ಅಡಗಿದ ಭರವಸೆಗಳನ್ನು ಉಭಯ ಪಕ್ಷಗಳು ಒಪ್ಪಂದದ ಮೂಲಕ ತೆಗೆದುಹಾಕಬಹುದು ಎನ್ನುತ್ತದೆ. ಸೆಟಪ್ ಹೊತ್ತಿನಲ್ಲಿ ನೀವು ‘ಒಪ್ಪುತ್ತೇನೆ’ ಎಂದು ಒತ್ತಿದ ಆ ಉದ್ದನೆಯ ಪಠ್ಯದಲ್ಲಿ ‘ಸೇವೆಯನ್ನು ಯಾವಾಗ ಬೇಕಾದರೂ, ಯಾವ ಕಾರಣಕ್ಕಾದರೂ ನಿಲ್ಲಿಸುವ ಹಕ್ಕು ಕಂಪನಿಗಿದೆ’ ಎಂಬ ಸಾಲು ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಇದಕ್ಕೆ ಎರಡು ಉತ್ತರಗಳಿವೆ. ಅಂಗಡಿಯಲ್ಲಿ ಬಿಲ್ ಆಗಿ, ಹಣ ಸಂದಾಯವಾಗಿ, ಮಾರಾಟ ಮುಗಿದ ಮೇಲೆ ಮನೆಯಲ್ಲಿ ಪೆಟ್ಟಿಗೆ ಬಿಚ್ಚಿದಾಗ ಮೊದಲ ಬಾರಿ ಕಂಡ ಷರತ್ತು ಆ ಮಾರಾಟದ ಭಾಗವಾಗುವುದು ಹೇಗೆ ಎಂದು ಕೇಳಬೇಕು. ಇನ್ನೊಂದು, ಮತ್ತು ಹೆಚ್ಚು ಬಲವಾದದ್ದು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. 2020ರ ಜುಲೈ 20ರಿಂದ ಜಾರಿಯಲ್ಲಿರುವ ಈ ಕಾಯ್ದೆ ‘ಅನ್ಯಾಯದ ಒಪ್ಪಂದ’ ಎಂಬ ಪರಿಕಲ್ಪನೆಯನ್ನು ನಮ್ಮ ಗ್ರಾಹಕ ಕಾನೂನಿಗೆ ಹೊಸದಾಗಿ ತಂದಿತು. ಸಮಂಜಸ ಕಾರಣವಿಲ್ಲದೆ ಒಂದೇ ಕಡೆಯವರು ಒಪ್ಪಂದವನ್ನು ಕೊನೆಗಾಣಿಸಲು ಅವಕಾಶ ಕೊಡುವ ಷರತ್ತನ್ನೂ, ಗ್ರಾಹಕನ ಒಪ್ಪಿಗೆಯಿಲ್ಲದೆ ಅವನಿಗೆ ಹಾನಿಯಾಗುವಂತೆ ಒಪ್ಪಂದವನ್ನು ಬೇರೆಯವರಿಗೆ ವಹಿಸಿಕೊಡುವ ಷರತ್ತನ್ನೂ ಅದು ಹೆಸರಿಸಿಯೇ ಅನ್ಯಾಯ ಎನ್ನುತ್ತದೆ. ರಿವಾಲ್ವ್‌ನ ಕಥೆಯನ್ನು ಈ ಎರಡು ಷರತ್ತುಗಳ ಬೆಳಕಿನಲ್ಲಿ ಇನ್ನೊಮ್ಮೆ ಓದಿಕೊಳ್ಳಿ. ದೂರು ಕೊಡುವವರು ಒಂದು ಸಂಗತಿಯನ್ನು ನೆನಪಿಡಬೇಕು: ಒಪ್ಪಂದವೇ ಅನ್ಯಾಯ ಎಂಬ ದೂರನ್ನು ಜಿಲ್ಲಾ ಆಯೋಗ ಕೇಳುವಂತಿಲ್ಲ, ರಾಜ್ಯ ಆಯೋಗಕ್ಕೇ ಹೋಗಬೇಕು. ಮೂರು ಸಾವಿರ ರೂಪಾಯಿಯ ಸ್ವಿಚ್ಚಿಗಾಗಿ ರಾಜ್ಯ ಆಯೋಗದವರೆಗೆ ಯಾರು ಹೋಗುತ್ತಾರೆ? ಒಂದೇ ಬಗೆಯ ತೊಂದರೆಗೊಳಗಾದ ಹಲವರ ಪರವಾಗಿ ಒಟ್ಟಾಗಿ ದೂರು ಕೊಡುವ ಅವಕಾಶವನ್ನು ಕಾಯ್ದೆ ಕೊಟ್ಟಿದೆ. ಗ್ರಾಹಕ ಸಂಘಟನೆಗಳು ಅದನ್ನು ಬಳಸಬೇಕಾದದ್ದು ಇಲ್ಲಿಯೇ.

ಯಂತ್ರ ನಿಮ್ಮದು, ಅದರೊಳಗಿನ ಸಾಫ್ಟ್‌ವೇರ್ ನಮ್ಮದು, ನಿಮಗಿರುವುದು ಬಳಸುವ ಪರವಾನಗಿ ಮಾತ್ರ ಎಂಬ ವಾದವನ್ನೂ ಕೇಳಿರುತ್ತೀರಿ. ಅಮೆರಿಕದಲ್ಲಿ ಈ ವಾದಕ್ಕೆ ಡಿಎಂಸಿಎ ಎಂಬ 1998ರ ಡಿಜಿಟಲ್ ಕೃತಿಸ್ವಾಮ್ಯ ಕಾಯ್ದೆಯ 1201ನೇ ಕಲಮು ಬೆನ್ನೆಲುಬಾಗಿ ನಿಂತಿದೆ. ಡಿಜಿಟಲ್ ಬೀಗವನ್ನು ಮುರಿಯುವುದೇ ಅಲ್ಲಿ ತಪ್ಪು, ಏಕೆ ಮುರಿದಿರಿ ಎಂಬುದು ಬಹುಮಟ್ಟಿಗೆ ಗೌಣ. ತನ್ನದೇ ಯಂತ್ರವನ್ನು ರಿಪೇರಿ ಮಾಡಿಕೊಳ್ಳಲು ಬೀಗ ತೆರೆಯುವುದಕ್ಕೂ ಮೂರು ವರ್ಷಕ್ಕೊಮ್ಮೆ ವಿನಾಯಿತಿ ಬೇಡಬೇಕು. ಭಾರತದಲ್ಲಿ ಪರಿಸ್ಥಿತಿ ಹೀಗಿಲ್ಲ, ಮತ್ತು ಇದು ನಮ್ಮಲ್ಲಿ ಸಾಕಷ್ಟು ಪ್ರಚಾರಕ್ಕೆ ಬಾರದ ಒಳ್ಳೆಯ ಸುದ್ದಿ. 2012ರಲ್ಲಿ ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ ಸೇರಿಸಿದ 65ಎ ಕಲಮು, ಕೃತಿಸ್ವಾಮ್ಯದ ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದರೆ ಮಾತ್ರ ಶಿಕ್ಷೆ ಎನ್ನುತ್ತದೆ. ಅದರ ಜೊತೆಗೆ 52ನೇ ಕಲಮು, ಕಾನೂನುಬದ್ಧವಾಗಿ ಪಡೆದ ಪ್ರೋಗ್ರಾಮ್ ಹೇಗೆ ಕೆಲಸ ಮಾಡುತ್ತದೆ ಎಂದು ಗಮನಿಸಿ, ಪರೀಕ್ಷಿಸಿ ತಿಳಿಯುವುದಕ್ಕೂ, ಬೇರೆ ಪ್ರೋಗ್ರಾಮ್‌ಗಳೊಡನೆ ಅದನ್ನು ಹೊಂದಿಸಲು ಬೇಕಾದ ಮಾಹಿತಿ ಪಡೆಯುವುದಕ್ಕೂ ಅವಕಾಶ ಕೊಟ್ಟಿದೆ. ಸ್ಮಾರ್ಟ್ ಪ್ಲಗ್ಗಿನ ಮೂಲ ಸಾಫ್ಟ್‌ವೇರ್ ತೆಗೆದು ಟಾಸ್ಮೊಟಾದಂತಹ ಮುಕ್ತ ಸಾಫ್ಟ್‌ವೇರ್ ಹಾಕಿ, ಹೋಮ್ ಅಸಿಸ್ಟೆಂಟ್ ಎಂಬ ಇನ್ನೊಂದು ಮುಕ್ತ ಸಾಫ್ಟ್‌ವೇರ್ ಮೂಲಕ ಮನೆಯೊಳಗೇ ನಡೆಸಿಕೊಳ್ಳುವ ಹವ್ಯಾಸಿಗಳು ಯಾರದೋ ಹಕ್ಕಿಗೆ ಕನ್ನ ಹಾಕುತ್ತಿಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ವಾರಂಟಿ ಹೋಗುತ್ತದೆ ಎಂಬುದು ಬೇರೆ ಮಾತು.

ಆದರೆ ಎಚ್ಚರಿಕೆಯ ಒಂದು ಮಾತು ಇಲ್ಲಿ ಬೇಕು. 2005ರಲ್ಲಿ ಆಂಧ್ರ ಪ್ರದೇಶ ಹೈಕೋರ್ಟ್, ಒಂದು ಕಂಪನಿ ಕಡಿಮೆ ಬೆಲೆಗೆ ಕೊಟ್ಟ, ಅದರದೇ ಜಾಲಕ್ಕೆ ಕಟ್ಟಿಹಾಕಿದ ಮೊಬೈಲ್ ಹ್ಯಾಂಡ್‌ಸೆಟ್‌ನ ಗುರುತು ಸಂಖ್ಯೆಯನ್ನು ಬದಲಿಸಿ ಇನ್ನೊಂದು ಕಂಪನಿಯ ಜಾಲದಲ್ಲಿ ಓಡಿಸಿದ ಆರೋಪದ ಪ್ರಕರಣವನ್ನು ಪರಿಶೀಲಿಸುತ್ತಾ, ಮೊಬೈಲ್ ಫೋನ್ ಕೂಡ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಅರ್ಥದಲ್ಲಿ ಕಂಪ್ಯೂಟರೇ ಎಂದು ಹೇಳಿತು. ಆ ಪ್ರಕರಣದಲ್ಲಿ ಈ ಮಾತು ಬೀಗ ತೆಗೆದವರ ವಿರುದ್ಧ ಬಳಕೆಯಾಯಿತು. ಆದರೆ ಅದೇ ತರ್ಕ ಇನ್ನೊಂದು ದಿಕ್ಕಿಗೂ ಹರಿಯುತ್ತದೆ ಎಂಬುದನ್ನು ನಮ್ಮ ಯುವ ವಕೀಲರು ಗಮನಿಸಬೇಕು. ಪ್ರೊಸೆಸರ್ ಇರುವ ನಿಮ್ಮ ಬಲ್ಬು ಕಂಪ್ಯೂಟರ್ ಆದರೆ, ಆ ಕಂಪ್ಯೂಟರಿನ ಮಾಲೀಕರು ನೀವು. ಮಾಲೀಕರ ಅನುಮತಿಯಿಲ್ಲದೆ ಕಂಪ್ಯೂಟರನ್ನು ಪ್ರವೇಶಿಸುವುದು, ಅದರಿಂದ ದತ್ತಾಂಶ ತೆಗೆಯುವುದು, ಅದರ ಕೆಲಸವನ್ನು ಕೆಡಿಸುವುದು ಇವೆಲ್ಲಕ್ಕೂ ಅದೇ ಕಾಯ್ದೆಯ 43ನೇ ಕಲಮು ಪರಿಹಾರದ ಹೊಣೆ ಹೊರಿಸುತ್ತದೆ. ಅನುಮತಿ ಕೊಟ್ಟಿದ್ದೀರಲ್ಲ ಎಂದು ಕಂಪನಿ ಹೇಳುತ್ತದೆ, ಮತ್ತು ಹೀಗೆ ನಾವು ಒಪ್ಪಿಗೆಯ ಪ್ರಶ್ನೆಗೆ ಬಂದು ನಿಲ್ಲುತ್ತೇವೆ.

ಹೊಸ ಟಿವಿ ಬಂದ ದಿನ ನಮ್ಮ ಮನೆಗಳಲ್ಲಿ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಇನ್‌ಸ್ಟಾಲೇಶನ್‌ಗೆ ಬಂದ ಹುಡುಗ ಡ್ರಿಲ್ ಹಾಕಿ, ಗೋಡೆಗೆ ಬ್ರ್ಯಾಕೆಟ್ ಕೂರಿಸಿ, ಟಿವಿ ನೇತುಹಾಕಿ, ‘ವೈಫೈ ಪಾಸ್‌ವರ್ಡ್ ಹೇಳಿ ಸಾರ್’ ಎನ್ನುತ್ತಾನೆ. ತೆರೆಯ ಮೇಲೆ ಸಣ್ಣ ಅಕ್ಷರದ ನಾಲ್ಕೈದು ಸಾಲುಗಳೂ ಪ್ರತಿ ಸಾಲಿನ ಮುಂದೆ ಒಂದೊಂದು ಖಾಲಿ ಚೌಕವೂ ಮೂಡುತ್ತವೆ. ಅವುಗಳ ಮೇಲೆ, ಎಲ್ಲಕ್ಕಿಂತ ದೊಡ್ಡದಾಗಿ, ಎಲ್ಲಕ್ಕೂ ಒಮ್ಮೆಗೇ ಒಪ್ಪಿಗೆ ಕೊಡುವ ಚೌಕ ಇರುತ್ತದೆ. ಹುಡುಗನಿಗೆ ಸಂಜೆಯೊಳಗೆ ಇನ್ನೂ ಕೆಲವು ಮನೆಗಳು ಬಾಕಿ ಇವೆ. ಅವನ ಹೆಬ್ಬೆರಳು ರಿಮೋಟ್‌ನ ಓಕೆ ಗುಂಡಿಯನ್ನು ಎರಡು ಬಾರಿ ಒತ್ತುತ್ತದೆ, ಚೌಕಗಳೆಲ್ಲ ತುಂಬಿಕೊಳ್ಳುತ್ತವೆ, ತೆರೆ ಮುಂದಕ್ಕೆ ಹೋಗುತ್ತದೆ. ಮನೆಯ ಯಜಮಾನರು ಆಗ ಗೋಡೆಯಿಂದ ಉದುರಿದ ಸಿಮೆಂಟ್ ಪುಡಿಯನ್ನು ನೋಡುತ್ತಿರುತ್ತಾರೆ, ಮನೆಯಾಕೆ ಕಾಫಿ ತರಲು ಒಳಗೆ ಹೋಗಿರುತ್ತಾರೆ. ಕಂಪನಿಯ ದಾಖಲೆಯಲ್ಲಿ ಮಾತ್ರ ಈ ಕುಟುಂಬ ತನ್ನ ವೀಕ್ಷಣೆಯ ಮಾಹಿತಿಯನ್ನು ಜಾಹೀರಾತಿಗೆ ಬಳಸಲು ತಿಳಿದು, ಸ್ವಇಚ್ಛೆಯಿಂದ ಒಪ್ಪಿದೆ.

ಆ ಓಕೆಯಿಂದ ಆಗುವುದೇನು? ಇಂದಿನ ಅನೇಕ ಟಿವಿಗಳಲ್ಲಿ, ತೆರೆಯ ಮೇಲಿನ ಚಿತ್ರದ ತುಣುಕುಗಳನ್ನು ಆಗಾಗ ಹಿಡಿದು, ಅವುಗಳ ಗುರುತನ್ನು ದೊಡ್ಡ ಭಂಡಾರವೊಂದರೊಡನೆ ಹೋಲಿಸಿ, ನೀವು ಏನು ನೋಡುತ್ತಿದ್ದೀರಿ ಎಂದು ಪತ್ತೆ ಹಚ್ಚುವ ವ್ಯವಸ್ಥೆ ಇರುತ್ತದೆ. ಕಾರ್ಯಕ್ರಮ ಟಿವಿಯ ಆ್ಯಪ್‌ನಿಂದಲೇ ಬರಬೇಕೆಂದಿಲ್ಲ. ಸೆಟ್‌ಟಾಪ್ ಬಾಕ್ಸ್‌ನಿಂದ ಬಂದರೂ ಅದು ಗುರುತಿಸಬಲ್ಲದು. ಅಮೆರಿಕದ ವಿಝಿಯೊ ಕಂಪನಿ ಹೀಗೆ 1.1 ಕೋಟಿ ಟಿವಿಗಳಿಂದ ಕ್ಷಣಕ್ಷಣದ ಮಾಹಿತಿಯನ್ನು ಗ್ರಾಹಕರಿಗೆ ಸರಿಯಾಗಿ ತಿಳಿಸದೆ ಸಂಗ್ರಹಿಸಿತೆಂಬ ಆರೋಪವನ್ನು ಇತ್ಯರ್ಥಪಡಿಸಿಕೊಳ್ಳಲು 2017ರಲ್ಲಿ 22 ಲಕ್ಷ ಡಾಲರ್ ಕೊಟ್ಟಿತು. ಆ ಸೌಲಭ್ಯಕ್ಕೆ ಮೆನುವಿನಲ್ಲಿ ಇಟ್ಟಿದ್ದ ಹೆಸರು ‘ಸ್ಮಾರ್ಟ್ ಇಂಟರ್ಯಾಕ್ಟಿವಿಟಿ’. ಸ್ಯಾಮ್‌ಸಂಗ್ ಟಿವಿ ಇರುವವರು ‘ವ್ಯೂಯಿಂಗ್ ಇನ್ಫರ್ಮೇಶನ್ ಸರ್ವಿಸಸ್’ ಎಂಬುದನ್ನೂ, ಎಲ್‌ಜಿ ಇರುವವರು ‘ಲೈವ್ ಪ್ಲಸ್’ ಎಂಬುದನ್ನೂ ಸೆಟ್ಟಿಂಗ್ಸ್‌ನಲ್ಲಿ ಹುಡುಕಿ ಆಫ್ ಮಾಡಬಹುದು. ಆಫ್ ಮಾಡಿದರೆ ಚಿತ್ರದಲ್ಲಿ ಎಳ್ಳಷ್ಟೂ ವ್ಯತ್ಯಾಸವಾಗುವುದಿಲ್ಲ ಎಂಬುದೇ ಅದು ಯಾರಿಗಾಗಿ ಇತ್ತು ಎಂಬುದಕ್ಕೆ ಸಾಕ್ಷಿ.

ಕ್ಯಾಮೆರಾಗಳ ವಿಷಯ ಇದಕ್ಕಿಂತ ಗಂಭೀರ. ಅಮೆಜಾನ್ ಒಡೆತನದ ರಿಂಗ್ ಕಂಪನಿಯ ಮೇಲೆ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಹೂಡಿದ ದಾವೆಯ ಪ್ರಕಾರ, ಒಬ್ಬ ಉದ್ಯೋಗಿ 2017ರಲ್ಲಿ ತಿಂಗಳುಗಟ್ಟಲೆ ಮಹಿಳಾ ಗ್ರಾಹಕರ ಮಲಗುವ ಕೋಣೆ, ಬಚ್ಚಲುಮನೆಯಂತಹ ಜಾಗಗಳ ಸಾವಿರಾರು ವಿಡಿಯೊಗಳನ್ನು ನೋಡಿದ್ದ. ಅದನ್ನು ಕಂಡುಹಿಡಿದದ್ದು ಕಂಪನಿಯ ಯಾವ ತಾಂತ್ರಿಕ ಕಾವಲೂ ಅಲ್ಲ, ಸಹೋದ್ಯೋಗಿಯೊಬ್ಬರು. ಆ ದಾವೆ 58 ಲಕ್ಷ ಡಾಲರ್‌ಗೆ ಇತ್ಯರ್ಥವಾಯಿತು. ನೆಲ ಗುಡಿಸುವ ರೂಂಬಾ ರೋಬೊ ತೆಗೆದ ಮನೆಯೊಳಗಿನ ಚಿತ್ರಗಳು, ಶೌಚಾಲಯದಲ್ಲಿದ್ದ ಮಹಿಳೆಯೊಬ್ಬರ ಚಿತ್ರವೂ ಸೇರಿದಂತೆ, ವೆನೆಜುವೆಲಾದ ಗುತ್ತಿಗೆ ಕೆಲಸಗಾರರ ಮೂಲಕ ಸಾಮಾಜಿಕ ಜಾಲತಾಣದ ಗುಂಪುಗಳಿಗೆ ತಲುಪಿದ್ದು 2022ರಲ್ಲಿ ವರದಿಯಾಯಿತು. ಅವು ಮಾರಾಟದ ರೋಬೊಗಳಲ್ಲ, ಪರೀಕ್ಷೆಗೆ ಒಪ್ಪಿ ಸಹಿ ಹಾಕಿದವರ ಮನೆಗೆ ಕೊಟ್ಟವು ಎಂದು ಕಂಪನಿ ಸ್ಪಷ್ಟಪಡಿಸಿತು. ನ್ಯಾಯವಾಗಿ ಅದನ್ನೂ ಹೇಳಬೇಕು. ಆದರೆ ಗೋಡೆ ಯಾವುದು, ಕುರ್ಚಿ ಯಾವುದು ಎಂದು ಯಂತ್ರಕ್ಕೆ ಕಲಿಸಲು ಆ ಚಿತ್ರಗಳನ್ನು ಒಂದೊಂದಾಗಿ ನೋಡಿ ಹೆಸರು ಬರೆಯುವ ಮನುಷ್ಯರು ಎಲ್ಲೋ ಕುಳಿತಿದ್ದಾರೆ ಎಂಬುದು ಸಹಿ ಹಾಕಿದವರಲ್ಲಿ ಎಷ್ಟು ಮಂದಿಗೆ ಹೊಳೆದಿದ್ದೀತು?

ಒಡೆತನ ಮತ್ತು ಖಾಸಗಿತನ ಒಂದೇ ಎಂಬ ನನ್ನ ಮಾತಿಗೆ ಅತ್ಯಂತ ಸ್ಪಷ್ಟವಾದ ನಿದರ್ಶನ 2025ರ ಮಾರ್ಚ್ 28ರದು. ಅಮೆರಿಕದಲ್ಲಿ, ಮಾತಿನ ಆಜ್ಞೆ ಕೇಳಿ ಕೆಲಸ ಮಾಡುವ ಅಮೆಜಾನ್ ಎಕೊ ಸಾಧನದ ಕೆಲವು ಮಾದರಿಗಳಲ್ಲಿ, ನಿಮ್ಮ ಧ್ವನಿಯನ್ನು ಸರ್ವರ್‌ಗೆ ಕಳಿಸದೆ ಸಾಧನದಲ್ಲೇ ಅರ್ಥಮಾಡಿಕೊಳ್ಳುವ ಆಯ್ಕೆ ಇತ್ತು. ಆ ದಿನದಿಂದ ಆ ಆಯ್ಕೆಯನ್ನು ಕಂಪನಿ ಹಿಂತೆಗೆದುಕೊಂಡಿತು. ಅದೇ ಆಯ್ಕೆ ಇದೆಯೆಂದು ನಂಬಿ ಕೊಂಡವರ ಮೇಜಿನ ಮೇಲಿದ್ದ ವಸ್ತು ರಾತ್ರೋರಾತ್ರಿ ಬೇರೆ ವಸ್ತುವಾಯಿತು, ಅದೂ ಯಾರೂ ಅವರ ಮನೆಯ ಹೊಸ್ತಿಲು ದಾಟದೆ.

ನಮ್ಮ ದೇಶದಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿದ ತೀರ್ಪು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಹೆಸರಿನಲ್ಲಿದೆ. ಇಳಿವಯಸ್ಸಿನಲ್ಲಿ ಆಧಾರ್ ವಿರುದ್ಧ ಅರ್ಜಿ ಹಾಕಿದ ಆ ಹಿರಿಯರಿಗೆ ನಾವೆಲ್ಲ ಋಣಿಗಳು. ಆದರೆ ಮೂಲಭೂತ ಹಕ್ಕು ಮುಖ್ಯವಾಗಿ ಸರ್ಕಾರದ ಎದುರು ನಿಲ್ಲುವ ಹಕ್ಕು. ಕಂಪನಿಗಳ ಎದುರು ನಮಗೆ ಬೇಕಾದದ್ದು ಶಾಸನ. ಆ ಶಾಸನವೇ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದವು, ಕಂಪನಿಗಳ ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳ ನಂತರ ಜಾರಿಗೆ ಬರುವಂತೆ ಗೊತ್ತುಪಡಿಸಲಾಯಿತು. ಒಪ್ಪಿಗೆಯು ಮುಕ್ತವಾಗಿ, ನಿರ್ದಿಷ್ಟವಾಗಿ, ತಿಳಿದು, ಷರತ್ತಿಲ್ಲದೆ ಕೊಟ್ಟದ್ದಾಗಿರಬೇಕು ಎಂದು ಅದು ಹೇಳುತ್ತದೆ. ಆ ಉದ್ದೇಶಕ್ಕೆ ಅಗತ್ಯವಿರುವಷ್ಟು ಮಾಹಿತಿಗೆ ಮಾತ್ರ ಆ ಒಪ್ಪಿಗೆ ಸಲ್ಲುತ್ತದೆ, ಮತ್ತು ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕು. ಇನ್‌ಸ್ಟಾಲೇಶನ್ ಹುಡುಗನ ಹೆಬ್ಬೆರಳು ಈ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. ಇನ್ನೂ ಒಂದು ಹಕ್ಕಿದೆ: ಕಂಪನಿ ಕೊಡಬೇಕಾದ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ನಮಗಿರಬೇಕು. ಕನ್ನಡ ಆ ಪಟ್ಟಿಯಲ್ಲಿದೆ. ಟಿವಿಯ ಮೇಲಿನ ಆ ಚೌಕಗಳು ಕನ್ನಡದಲ್ಲಿ ಬರಬೇಕೆಂದು ಕೇಳುವುದು ಭಾಷಾಭಿಮಾನದ ಬೇಡಿಕೆಯಾಗಿ ಉಳಿಯದೆ ಕಾನೂನಿನ ಹಕ್ಕಾಗುತ್ತದೆ.

ಈ ಕಾಯ್ದೆಯ ಬಗ್ಗೆ ನನಗೆ ಅಸಮಾಧಾನವೂ ಇದೆ. ತಪ್ಪು ಮಾಡಿದ ಕಂಪನಿಗೆ 250 ಕೋಟಿ ರೂಪಾಯಿಯವರೆಗೆ ದಂಡ ಹಾಕಬಹುದು, ಆದರೆ ಆ ಹಣ ಸರ್ಕಾರದ ಸಂಚಿತ ನಿಧಿಗೆ ಹೋಗುತ್ತದೆ, ನೊಂದವರಿಗೆ ಒಂದು ಪೈಸೆಯೂ ಬರುವುದಿಲ್ಲ. ಮಾಹಿತಿ ಸೋರಿಕೆಗೆ ಪರಿಹಾರ ಕೇಳಲು ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿದ್ದ 43ಎ ಕಲಮನ್ನೂ ಇದೇ ಕಾಯ್ದೆ ತೆಗೆದುಹಾಕುತ್ತದೆ. ಯುರೋಪಿನ ದತ್ತಾಂಶ ಕಾಯ್ದೆ, 2025ರ ಸೆಪ್ಟೆಂಬರ್ 12ರಿಂದ, ಜೋಡಿತ ಸಾಧನ ಹುಟ್ಟಿಸುವ ಮಾಹಿತಿಯನ್ನು ಬಳಕೆದಾರ ತಾನೇ ಪಡೆಯುವ, ತನಗೆ ಬೇಕಾದ ರಿಪೇರಿಯವರಿಗೆ ಕೊಡಿಸುವ ಹಕ್ಕನ್ನು ಜಾರಿಗೆ ತಂದಿದೆ. ನಮ್ಮಲ್ಲಿ ಅಂತಹ ಹಕ್ಕಿಲ್ಲ.

ಮನೆಯೊಳಗಿನ ಇತರರ ಮಾತನ್ನೂ ಎತ್ತಬೇಕು, ಏಕೆಂದರೆ ಸಾಧನ ಕೊಂಡವರು ಒಬ್ಬರು, ಅದರ ಕಣ್ಣಿಗೆ ಬೀಳುವವರು ಹಲವರು. ಅಮೆರಿಕದಲ್ಲೋ ದುಬೈಯಲ್ಲೋ ಇರುವ ಮಕ್ಕಳು ಮೈಸೂರಿನ, ಮಂಗಳೂರಿನ ಮನೆಯಲ್ಲಿ ಇಬ್ಬರೇ ಇರುವ ಅಪ್ಪ ಅಮ್ಮನ ಕ್ಷೇಮಕ್ಕೆಂದು ಹಾಲ್‌ನಲ್ಲಿ ಕ್ಯಾಮೆರಾ ಇಡಿಸುವುದು ಈಗ ಸಾಮಾನ್ಯ. ಕಾಳಜಿ ನಿಜವಾದದ್ದೇ. ಆದರೆ ‘ಯಾಕಮ್ಮ, ಮಾತ್ರೆ ತಗೊಂಡಿಲ್ಲ’ ಎಂದು ಏಳು ಸಮುದ್ರದ ಆಚೆಯಿಂದ ಫೋನು ಬಂದಾಗ ಆ ತಾಯಿ ಮರುದಿನದಿಂದ ಹಾಲ್‌ನಲ್ಲಿ ಕೂರುವುದನ್ನೇ ಬಿಟ್ಟು ಅಡುಗೆಮನೆಗೆ ಕುರ್ಚಿ ಎಳೆದುಕೊಂಡರೆ ಅದನ್ನೂ ಒಂದು ಉತ್ತರವೆಂದು ಮಕ್ಕಳು ಓದಬೇಕು. ಮನೆಗೆಲಸಕ್ಕೆ ಬರುವವರನ್ನಂತೂ ಯಾರೂ ಕೇಳುವುದೇ ಇಲ್ಲ. ವೈಯಕ್ತಿಕ ಮತ್ತು ಗೃಹ ಬಳಕೆಗೆ ನಮ್ಮ ದತ್ತಾಂಶ ಸಂರಕ್ಷಣಾ ಕಾಯ್ದೆ ಅನ್ವಯಿಸದಿರುವುದರಿಂದ ಇಲ್ಲಿ ಅದರ ನೆರವೂ ಇಲ್ಲ. ಆದರೂ 2025ರಲ್ಲಿ ಕಲ್ಕತ್ತಾ ಹೈಕೋರ್ಟ್, ಜೊತೆಗೆ ವಾಸಿಸುವವರ ಒಪ್ಪಿಗೆಯಿಲ್ಲದೆ ಮನೆಯ ವಾಸದ ಭಾಗದೊಳಗೆ ಸಿಸಿಟಿವಿ ನಡೆಸುವಂತಿಲ್ಲ ಎಂದು ಸಹೋದರರ ನಡುವಿನ ವ್ಯಾಜ್ಯವೊಂದರಲ್ಲಿ ಹೇಳಿತು, ಸುಪ್ರೀಂ ಕೋರ್ಟ್ ಅದರಲ್ಲಿ ಮಧ್ಯ ಪ್ರವೇಶಿಸಲಿಲ್ಲ.

ಭದ್ರತೆಯ ವಿಷಯವನ್ನು ಬೇಗ ಮುಗಿಸುತ್ತೇನೆ. 2016ರ ಅಕ್ಟೋಬರ್‌ನಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂತಹ ತಾಣಗಳು ಹಲವು ಗಂಟೆ ಸಿಗದಂತಾದದ್ದು ಮಿರಾಯ್ ಎಂಬ ದುಷ್ಟ ತಂತ್ರಾಂಶ, ಕಾರ್ಖಾನೆಯ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾಗಳನ್ನೂ ದೃಶ್ಯ ದಾಖಲಿಸುವ ಡಿವಿಆರ್‌ಗಳನ್ನೂ ವಶಪಡಿಸಿಕೊಂಡು ಅವುಗಳ ಮೂಲಕ ಒಮ್ಮೆಗೇ ದಾಳಿ ನಡೆಸಿದ್ದರಿಂದ. 2025ರಲ್ಲಿ ರಾಜ್‌ಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ಒಳಗಿನ ದೃಶ್ಯಗಳು ಮಾರಾಟವಾದ ಪ್ರಕರಣದಲ್ಲೂ ಸುಲಭ ಪಾಸ್‌ವರ್ಡೇ ದಾರಿಯಾಗಿತ್ತು ಎಂದು ವರದಿಯಾಯಿತು. ಬ್ರಿಟನ್ 2024ರ ಏಪ್ರಿಲ್ 29ರಿಂದ ಇಂತಹ ಸಿದ್ಧ ಪಾಸ್‌ವರ್ಡ್‌ಗಳನ್ನು ನಿಷೇಧಿಸಿ, ಎಷ್ಟು ಕಾಲ ಭದ್ರತಾ ಅಪ್‌ಡೇಟ್ ಸಿಗುತ್ತದೆ ಎಂದು ಮಾರುವಾಗಲೇ ತಿಳಿಸಬೇಕೆಂದು ಕಡ್ಡಾಯ ಮಾಡಿದೆ. ಭಾರತದಲ್ಲೂ 2025ರ ಏಪ್ರಿಲ್‌ನಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯವಾಗಿದೆ. ಬಲ್ಬು, ಪ್ಲಗ್ಗು, ಬೀಗಗಳಿಗೂ, ಅಕ್ಕಿ ಚೀಲದ ಮೇಲೆ ತೂಕ ಅಚ್ಚಾಗಿರುವಂತೆ, ‘ಇಂತಹ ವರ್ಷದವರೆಗೆ ಅಪ್‌ಡೇಟ್, ಇಂಟರ್‌ನೆಟ್ ಇಲ್ಲದೆಯೂ ಇಷ್ಟು ಕೆಲಸ’ ಎಂದು ಡಬ್ಬಿಯ ಮೇಲೆಯೇ ಅಚ್ಚಾಗುವ ನಿಯಮ ಬರಬೇಕು.

ಅಲ್ಲಿಯವರೆಗೆ ಅಂಗಡಿಯಲ್ಲಿ ನೀವೇ ಮಾಡಬಹುದಾದ ಪರೀಕ್ಷೆಯೊಂದಿದೆ. ಡೆಮೊ ತೋರಿಸುವವರಿಗೆ ರೂಟರ್‌ಗೆ ಬರುವ ಇಂಟರ್‌ನೆಟ್ ಕೇಬಲ್ ಕಳಚಲು ಹೇಳಿ, ಆಮೇಲೆ ದೀಪ ಹೊತ್ತಿಸಿ ತೋರಿಸಿ ಎನ್ನಿ. ಹೊತ್ತಿದರೆ ಅದು ನಿಮ್ಮ ದೀಪ. 2022ರಲ್ಲಿ ಬಂದ ಮ್ಯಾಟರ್ ಎಂಬ ಮಾನಕವನ್ನು ಪಾಲಿಸುವ ಸಾಧನಗಳು ಮನೆಯ ಜಾಲದೊಳಗೇ ಮಾತಾಡಿಕೊಳ್ಳುವಂತೆ ರೂಪುಗೊಂಡಿರುವುದರಿಂದ ಡಬ್ಬಿಯ ಮೇಲೆ ಆ ಗುರುತನ್ನು ಹುಡುಕುವುದು ಒಳ್ಳೆಯದು. ಸೇವೆ ನಿಲ್ಲಿಸಿದ ಕಂಪನಿಯ ಬಗ್ಗೆ ಮೊದಲ ಹೆಜ್ಜೆಯಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಬಿಲ್, ಡಬ್ಬಿ, ಜಾಹೀರಾತಿನ ಸ್ಕ್ರೀನ್‌ಶಾಟ್ ಇವನ್ನು ಎಸೆಯಬೇಡಿ.

ಉಪನ್ಯಾಸದ ನಂತರ ಬಂದ ಪ್ರಶ್ನೆಗಳಲ್ಲಿ ಒಂದನ್ನು ಇಲ್ಲಿ ಸೇರಿಸುತ್ತೇನೆ. ಬಾಡಿಗೆ ಫ್ಲಾಟ್‌ನ ಮುಂಬಾಗಿಲಿಗೆ ಮಾಲೀಕರೇ ಸ್ಮಾರ್ಟ್ ಬೀಗ ಹಾಕಿಸಿದ್ದಾರೆ, ಅದರ ಆ್ಯಪ್ ಅವರ ಫೋನಿನಲ್ಲೇ ಇದೆ, ಏನು ಮಾಡಬೇಕು ಎಂದು ಬೆಂಗಳೂರಿನ ಬಾಡಿಗೆದಾರರೊಬ್ಬರು ಕೇಳಿದರು. ಬೀಗ ಮಾಲೀಕರದೇ, ಆದರೆ ಕರಾರಿನ ಅವಧಿಯಲ್ಲಿ ಮನೆಯ ಸ್ವಾಧೀನ ಬಾಡಿಗೆದಾರರದು. ನೀವು ಯಾವಾಗ ಬಂದಿರಿ, ಯಾವಾಗ ಹೋದಿರಿ ಎಂಬ ದಾಖಲೆ ಮಾಲೀಕರಿಗೆ ಸಿಗಬೇಕಾದ ಅಗತ್ಯ ಯಾವುದೂ ಇಲ್ಲ. ಬಾಡಿಗೆ ಕರಾರಿಗೆ ಒಂದು ಸಾಲು ಸೇರಿಸಲು ಹೇಳಿ: ಅವಧಿ ಮುಗಿಯುವವರೆಗೆ ಬೀಗದ ಮುಖ್ಯ ಖಾತೆ ಬಾಡಿಗೆದಾರರ ಹೆಸರಿನಲ್ಲಿರುತ್ತದೆ, ಬಿಡುವಾಗ ಬೀಗವನ್ನು ಫ್ಯಾಕ್ಟರಿ ರೀಸೆಟ್ ಮಾಡಿ ಒಪ್ಪಿಸಲಾಗುತ್ತದೆ. ಮಾಲೀಕರು ಒಪ್ಪದಿದ್ದರೆ ಆ ಬೀಗವನ್ನು ಬಿಚ್ಚಿ ಅವರ ಕೈಗೇ ಕೊಟ್ಟು, ಸಾಮಾನ್ಯ ಬೀಗ ಹಾಕಿಸಿಕೊಳ್ಳಲು ಬರಹದಲ್ಲಿ ಅನುಮತಿ ಕೇಳಿ. ಹಳೆಯ ಸಾಧನವನ್ನು ಮಾರುವಾಗಲೂ ಇದೇ ಕ್ರಮ. ಸಾಧನವನ್ನು ರೀಸೆಟ್ ಮಾಡಿದರೆ ಸಾಲದು, ಆ್ಯಪ್‌ನಲ್ಲಿ ನಿಮ್ಮ ಖಾತೆಯಿಂದಲೂ ಅದನ್ನು ತೆಗೆದುಹಾಕಬೇಕು, ಇಲ್ಲದಿದ್ದರೆ ಕೊಂಡವರಿಗೆ ಅದು ಜೋಡಣೆಯಾಗದು ಅಥವಾ ಅವರ ಮನೆಯ ದೃಶ್ಯ ನಿಮ್ಮ ಫೋನಿಗೆ ಬರುತ್ತಿರುತ್ತದೆ.